ಭಸ್ಮಣ್ಣ ಬರ್ತೀನಿ ಅಂದದ್ದು

ಭಸ್ಮೇಂದ್ರ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತಾಗ ನಾನು ಕೋಡುಬಳೆಯ ಹಿಟ್ಟು ನಾದುತ್ತಿದ್ದೆ. ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು, ಹಣೆಗೆ ಬಿದ್ದ ಕೂದಲು ಸರಿಸಿಕೊಳ್ಳುವುದಕ್ಕೂ ಆಗದ ಹೊತ್ತು. ಬಾಗಿಲು ತುಂಬುವಷ್ಟು ದೊಡ್ಡ ಆಸಾಮಿ, ಮೊಣಕಾಲು ದಾಟಿದ ಕಪ್ಪು ಕೋಟು, ಕೋಟಿನ ಅಂಚೆಲ್ಲ ಸುಟ್ಟು ಕರಕಲು. ತಲೆಗೂದಲಿನಿಂದ ಇನ್ನೂ ಹೊಗೆ ಏಳುತ್ತಿತ್ತು. ಎರಡೂ ಕೈ ಮೇಲೆತ್ತಿ, "ಎಲೈ ಸ್ತ್ರೀಯೇ! ಈ ಲೋಕವನ್ನೇ ಬೂದಿ ಮಾಡಲು ಬಂದವನು ನಾನು! ನನಗೆ ವಸತಿ ಬೇಕು! ಹಹ್ಹಹ್ಹಾ!" ಎಂದು ಅಬ್ಬರಿಸಿದ. ನಾನು ಹಿಟ್ಟಿನಿಂದ ಕಣ್ಣು ತೆಗೆಯದೆ, "ಕಾಲು ತೊಳ್ಕೊಂಡು ಒಳಗೆ ಬಾರಪ್ಪ. ಬಾಗಿಲು ಗಿಡ್ಡ, ತಲೆ ನೋಡ್ಕೋ" ಎಂದೆ. ಹೇಳಿದರೂ ತಲೆ ಹೊಡೆಸಿಕೊಂಡೇ ಒಳಗೆ ಬಂದ.

ನಮ್ಮ ಮನೆ ಟಾಕೀಸಿನ ಬೆನ್ನಿಗೆ ಅಂಟಿಕೊಂಡಿದೆ. ಅವರ ಪರದೆಯ ಗೋಡೆಯೇ ನಮ್ಮ ನಡುಮನೆಯ ಗೋಡೆ. ಹೊಸ ಸಿನಿಮಾ ಬಿದ್ದ ಶುಕ್ರವಾರ ಮೊದಲ ಆಟ ಮುಗಿದ ಕೂಡಲೇ ಅದರ ವಿಲನ್ನು ಹಿಂಬಾಗಿಲಿನಿಂದ ಹೊರಗೆ ಬರುತ್ತಾನೆ. ಎದುರಿಗೆ ಸಿಗುವುದು ನಮ್ಮ ಹಿತ್ತಿಲು. ಹಾಗಾಗಿ ವಿಲನ್‌ಗಳ ಊಟ, ಹಾಸಿಗೆ, ಬಿಸಿನೀರು ಅಜ್ಜಿಯ ಕಾಲದಿಂದಲೂ ನಮ್ಮ ಮನೆಯ ಪಾಲಿಗೆ ಬಂದದ್ದು. ಆಟದ ಬೆಲ್ಲು ಹೊಡೆದಾಗ ಒಳಗೆ ಹೋಗುತ್ತಾರೆ, ಪೆಟ್ಟು ತಿಂದು ಸಾಯುತ್ತಾರೆ, ಆಟ ಬಿಟ್ಟ ಮೇಲೆ ಹಸಿದು ಮನೆಗೆ ಬರುತ್ತಾರೆ. ಪೋಸ್ಟರು ಬದಲಾಗುವ ಶುಕ್ರವಾರ ಬೆಳಿಗ್ಗೆ ಒಳಗೆ ಹೋದವರು ಮಾತ್ರ ತಿರುಗಿ ಬರುವುದಿಲ್ಲ. ನಾಯಕರು ಒಬ್ಬರೂ ಇದುವರೆಗೆ ಹೊರಗೆ ಬಂದದ್ದಿಲ್ಲ. ಹಾಡು, ಹುಡುಗಿ, ಹೂವಿನ ಹಾರ ಎಲ್ಲ ಒಳಗೇ ಸಿಗುವಾಗ ಅವರು ನಮ್ಮ ಹಿತ್ತಿಲಿಗೆ ಯಾಕೆ ಬಂದಾರು?

ಎಂಥೆಂಥ ವಿಲನ್‌ಗಳಿಗೆ ಅನ್ನ ಇಕ್ಕಿದ್ದೇನೋ ನನಗೇ ನೆನಪಿಲ್ಲ. ಅವರ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಮೈ ದೊಡ್ಡದಾದಷ್ಟೂ ಹೆದರಿಕೆ ಕಮ್ಮಿ. ಒಬ್ಬನಿಗೆ ಆರು ಕೈ ಇದ್ದವು. ಬಂದ ವಾರದೊಳಗೆ ಬೀದಿಯ ಹೆಂಗಸರು ಅಟ್ಟದ ಮೇಲಿನ ಹಂಡೆ ಕೊಪ್ಪರಿಗೆಗಳನ್ನೆಲ್ಲ ಅವನ ಕೈಲಿ ಇಳಿಸಿಕೊಂಡರು. ಇನ್ನೊಬ್ಬ ಬರೀ ಹೊಗೆ, ಮುಖವೇ ಇಲ್ಲ. ಮುಖ ಇಲ್ಲದವನಿಗೆ ಹೆದರುವುದಾದರೂ ಹೇಗೆ, ತುತ್ತು ಇಡುವುದಾದರೂ ಎಲ್ಲಿಗೆ? ಆದರೆ ಒಬ್ಬ ಬಂದಿದ್ದ ನೋಡಿ, ಸಣ್ಣಾಳು, ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಸಿನಿಮಾದಲ್ಲಿ ಒಂದು ಸಲವೂ ದನಿ ಎತ್ತುತ್ತಿರಲಿಲ್ಲವಂತೆ. ಯಾರನ್ನಾದರೂ ಮುಗಿಸುವ ಮುಂಚೆ "ಊಟ ಆಯ್ತಾ?" ಎಂದು ಕೇಳುತ್ತಿದ್ದ, ಅಷ್ಟೇ. ನಮ್ಮ ಮನೆಯಲ್ಲೂ ಮೊದಲ ದಿನ ತನ್ನ ಎಲೆ ತಾನೇ ಎತ್ತಿ, ಕೈ ತೊಳೆದು ಬಂದು, "ಅಮ್ಮಾ, ನಿಮ್ಮದು ಊಟ ಆಯ್ತಾ?" ಎಂದ. ನಾನು ಅವತ್ತು ಊಟ ಮಾಡಲಿಲ್ಲ. ಅವನ ಸಿನಿಮಾ ಒಂದು ಮಳೆಗಾಲ ಪೂರ್ತಿ ಓಡಿತು.

ನಮ್ಮೂರಲ್ಲಿ ಒಂದು ಮಾತಿದೆ: ವಿಲನ್ ಹೆಸರಿಗೆ ಅಣ್ಣ ಸೇರಿತೋ, ಅಂಟು ಕಲಸಿ. ಅಂಟು ಅಂದರೆ ಪೋಸ್ಟರು ಹಚ್ಚುವ ಮೈದಾ ಅಂಟು. ಜನ ಯಾವ ದಿನ ವಿಲನ್ನನ್ನು ಅಣ್ಣ ಅಂತ ಕರೆಯುತ್ತಾರೋ ಆ ವಾರಕ್ಕೆ ಸಿನಿಮಾ ಮುಗಿಯಿತು ಅಂತಲೇ ಲೆಕ್ಕ. ಟಾಕೀಸಿನ ಮ್ಯಾನೇಜರ್ ಪಾಲಾಕ್ಷಪ್ಪ ಬೀದಿಯಲ್ಲಿ ಓಡಾಡುವಾಗ ಕಿವಿ ಅಗಲಿಸಿಕೊಂಡೇ ಇರುತ್ತಾನೆ, ಯಾರು ಯಾರಿಗೆ ಅಣ್ಣ ಅಂದರು ಅಂತ.

ಭಸ್ಮೇಂದ್ರನ ಸಿನಿಮಾದಲ್ಲಿ ನಾಯಕ ಗಗನವೀರ. ಆಕಾಶದಲ್ಲಿ ಹಾರುತ್ತಾನೆ, ಒಂದೇ ಕೈಯಲ್ಲಿ ರೈಲು ನಿಲ್ಲಿಸುತ್ತಾನೆ, ಹಲ್ಲು ಹೊಳೆಯುತ್ತವೆ. ಭಸ್ಮೇಂದ್ರನ ಅಂಗೈಯಲ್ಲಿ ಬೆಂಕಿ. ಮುಟ್ಟಿದ್ದೆಲ್ಲ ಬೂದಿ. ಕೊನೆಗೆ ಗಗನವೀರ ಇವನನ್ನು ಬೆಂಕಿಬೆಟ್ಟದ ಅಂಚಿಗೆ ತಂದು ನಿಲ್ಲಿಸುತ್ತಾನೆ, ಇವನು "ನಾನು ಹೋಗುತ್ತೇನೆ! ಆದರೆ ಈ ಲೋಕವನ್ನೂ ಜೊತೆಗೇ ಕೊಂಡೊಯ್ಯುತ್ತೇನೆ!" ಎಂದು ನಕ್ಕು ಒಳಗೆ ಬೀಳುತ್ತಾನೆ. ಅಷ್ಟೇ ಕಥೆ. ಇವನಿಗೆ ಅಪ್ಪ ಅಮ್ಮ ಯಾರು, ಯಾವೂರು, ಯಾಕೆ ಇಷ್ಟು ಸಿಟ್ಟು, ಏನೂ ಬರೆದಿರಲಿಲ್ಲ. ಪಾಪ, ನಗುವುದೊಂದನ್ನು ಬರೆದು ಕಳಿಸಿದ್ದರು.

ಮೊದಮೊದಲು ಮನೆಯಲ್ಲೂ ಹಾಗೆಯೇ ಮಾತಾಡುತ್ತಿದ್ದ. ಊಟಕ್ಕೆ ಕೂತರೆ, "ಎಲ್ಲಿ ಮಜ್ಜಿಗೆ? ತನ್ನಿ ಮಜ್ಜಿಗೆಯನ್ನು! ಹಹ್ಹಹ್ಹಾ!" ನನ್ನ ಅವ್ವನಿಗೆ ಎರಡೂ ಕಣ್ಣು ಮಂಜಾಗಿ ಎಷ್ಟೋ ವರ್ಷವಾಗಿದೆ. ನಡುಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತು ದಿನದ ಆಟಗಳನ್ನೆಲ್ಲ ಕಿವಿಯಲ್ಲೇ ನೋಡುತ್ತಾಳೆ. ಅವಳು ಕೂತಲ್ಲಿಂದಲೇ, "ಮಗಾ, ಯಾಕೆ ಕೂಗ್ತೀಯ? ಇಲ್ಲಿ ಯಾರೂ ನಿನ್ನ ಹೊಡೆಯೋರಿಲ್ಲ" ಎಂದಳು. ಅವನು ಎತ್ತಿದ ಕೈಯನ್ನು ಎಲೆಯ ಪಕ್ಕಕ್ಕೆ ಇಳಿಸಿದ. ಆಮೇಲೆ ಇಷ್ಟೇ ಇಷ್ಟು ದನಿಯಲ್ಲಿ, "ಅವ್ವಾ, ಮಜ್ಜಿಗೆ" ಎಂದ. ನನಗೆ ನಗು ಬಂತು, ಎದ್ದು ಮಜ್ಜಿಗೆಯ ಚೆಂಬು ತಂದೆ.

ಮಾರನೆಯ ದಿನ ಮ್ಯಾಟಿನಿ ಬೆಲ್ಲು ಹೊಡೆದಾಗ ಕೋಟು ಹಾಕಿಕೊಂಡು, "ಅವ್ವಾ, ಹೋಗ್ತೀನಿ" ಎಂದ. ಅವ್ವ ಕಿವಿ ಮುಚ್ಚಿಕೊಂಡಳು. "ಬಿಡ್ತು ಅನ್ನು! ಮನೆಯಿಂದ ಹೊರಡೋವಾಗ ಹೋಗ್ತೀನಿ ಅಂತಾರಾ ಯಾರಾದ್ರೂ? ಬರ್ತೀನಿ ಅನ್ನಬೇಕು."

"ಆದರೆ ಹೋಗ್ತಾ ಇದೀನಲ್ಲಾ?"

"ಹೋಗೋದು ಕಾಲು. ಬಾಯಲ್ಲಿ ಬರ್ತೀನಿ ಅಂತಲೇ ಇರಬೇಕು. ನಿಮ್ಮ ಸಿನಿಮಾದೋರು ಇಷ್ಟೂ ಹೇಳಿಕೊಟ್ಟಿಲ್ವಾ?"

ಅವನಿಗೆ ಇದು ಬಹಳ ಹಿಡಿಸಿತು. ಹಿತ್ತಿಲಿಗೆ ಹೋಗುವಾಗ, ಬಾವಿಗೆ ಹೋಗುವಾಗ, ಬಚ್ಚಲಿಗೆ ಹೋಗುವಾಗಲೂ ಬರ್ತೀನಿ ಅನ್ನತೊಡಗಿದ. ಪ್ರತಿ ಸಲವೂ ಅವ್ವ "ಹೂಂ, ಬಾ" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡೇ ಹೊಸ್ತಿಲು ದಾಟುತ್ತಿದ್ದ.

ಅದು ಮಾಗಿ ಚಳಿಯ ಕಾಲ. ಚಳಿ ಬಂತೆಂದರೆ ಅವ್ವನ ಮಂಡಿ ಅವಳ ಮಾತು ಕೇಳುವುದಿಲ್ಲ. ನೀಲಗಿರಿ ಎಣ್ಣೆ, ಉಪ್ಪಿನ ಶಾಖ, ಯಾವುದಕ್ಕೂ ಜಗ್ಗದ ನೋವು. ಅವಳು ನರಳುವುದನ್ನು ಕೇಳಿ ಇವನು ಬಂದು ಕಾಲ ಬಳಿ ಕೂತು, "ಮುಟ್ಟಲಾ?" ಎಂದ. ನಾನು ನೀರಿನ ಚೆಂಬಿಗೆ ಕೈ ಹಾಕಿದೆ. ಲೋಕ ಸುಡುವ ಕೈ! ಅವ್ವ ಮಾತ್ರ ಸೀರೆ ಸರಿಸಿ ಮಂಡಿ ಮುಂದೆ ಚಾಚಿದಳು. ಅವನು ಉಸಿರು ಬಿಗಿಹಿಡಿದು, ಹಾಲಿಗೆ ಬೆರಳು ಅದ್ದಿ ಬಿಸಿ ನೋಡುವವರ ಹಾಗೆ, ತುದಿಯಿಂದ ಮುಟ್ಟಿ ನೋಡಿ, ಮೆಲ್ಲಗೆ ಅಂಗೈ ಇಟ್ಟ. ಅವ್ವನ ಮುಖ ಸಡಿಲವಾಯಿತು. "ಎಷ್ಟು ವರ್ಷ ಆಯ್ತೇ ಸರ್ವಾ ನಾನು ಹೀಗೆ ಕಾಲು ನೀಡಿ" ಎಂದು ನನಗೆ ಹೇಳಿದಳು. ಕೂತಲ್ಲೇ ನಿದ್ದೆ ಹೋದಳು. ಅವನು ಮುಂದಿನ ಆಟದ ಬೆಲ್ಲು ಹೊಡೆಯುವವರೆಗೆ ಕೈ ತೆಗೆಯಲಿಲ್ಲ.

ಇಂಥ ಸುದ್ದಿ ಮುಚ್ಚಿಟ್ಟರೂ ನಿಲ್ಲುತ್ತದೆಯೇ? ಪಕ್ಕದ ಮನೆಯ ನಿಂಗಾಜಮ್ಮ ಹಪ್ಪಳ ಮಾಡಿ ಮಾರುವವಳು. ಮೋಡ ಮುಚ್ಚಿದ ದಿನ ಹಪ್ಪಳದ ಚಾಪೆ ಹೊತ್ತುಕೊಂಡು ಬಂದೇಬಿಟ್ಟಳು. "ಸರ್ವಕ್ಕಾ, ನಿಮ್ಮನೆ ವಿಲನ್ನು ಖಾಲಿ ಇದ್ರೆ ಇದರ ಮೇಲೆ ಸ್ವಲ್ಪ ಕೈಯಾಡಿಸ್ತಾನಾ?" ಅವನು ಕೈಯಾಡಿಸಿದ. ಮೊದಲ ಸಾಲು ಕರಕಾಯಿತು, ಎರಡನೆಯದು ಹದವಾಯಿತು. ಆಮೇಲೆ ಇಸ್ತ್ರಿಯವನು ಬಂದ, ಹಾಲಿನವಳು ಬಂದಳು, ಮಕ್ಕಳು ಜೇಬಿನ ತುಂಬ ಹಸಿ ಕಡಲೆಕಾಯಿ ತಂದು ಅವನ ಬೊಗಸೆಗೆ ಸುರಿದು, ಹುರಿಯುವ ತನಕ ಕುಣಿಯುತ್ತ ನಿಂತರು. ಅವನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಹಪ್ಪಳಕ್ಕೆ ಒಂದು ಬಿಸಿ, ಹಾಲಿಗೆ ಒಂದು ಬಿಸಿ, ಅವ್ವನ ಮಂಡಿಗೆ ಒಂದು ಬಿಸಿ, ಎಲ್ಲ ಕಲಿತುಕೊಂಡ. ಒಂದು ಸಂಜೆ ಬೀದಿಯ ಆ ಕೊನೆಯಿಂದ ಯಾರೋ ಕೂಗಿದ್ದು ಕೇಳಿಸಿತು: "ಭಸ್ಮಣ್ಣೋ, ಸ್ವಲ್ಪ ಇತ್ತ ಬಾ!" ನನ್ನ ಕೈಲಿದ್ದ ಸೌಟು ಹಾಗೇ ನಿಂತಿತು.

ಟಾಕೀಸಿನಲ್ಲಿ ಆಗಬೇಕಾದ್ದೇ ಆಯಿತು. ಗಗನವೀರ ಇವನಿಗೆ ಗುದ್ದಿದರೆ ಜನ "ಅಯ್ಯೋ, ಮೆಲ್ಲಗೆ ಕಣಯ್ಯಾ" ಅನ್ನುತ್ತಿದ್ದರು. ಇವನು ಅಬ್ಬರಿಸಿ ನಕ್ಕರೆ ಅವರೂ ನಗುತ್ತಿದ್ದರು. ಗೋಡೆಯಾಚೆಯಿಂದ ಬರುವ ಆ ನಗು ಕೇಳಿ ಅವ್ವ ತಲೆ ಅಲ್ಲಾಡಿಸುತ್ತಿದ್ದಳು. ಪಾಲಾಕ್ಷಪ್ಪ ಇಂಟರ್‌ವಲ್ಲಿನಲ್ಲಿ ಮಾರುವ ಕೋಡುಬಳೆಯ ಡಬ್ಬ ತೆಗೆದುಕೊಂಡು ಹೋಗಲು ಬಂದವನು ಬಾಗಿಲಲ್ಲೇ ನಿಂತು, "ಅಕ್ಕಾ, ವಿಲನ್ನಿಗೆ ಪಾಪ ಅಂದ ಮೇಲೆ ಪಿಕ್ಚರು ಉಳಿಯುತ್ತಾ ನೀವೇ ಹೇಳಿ. ಈ ಶುಕ್ರವಾರ ಎತ್ತಿಬಿಡ್ತೀನಿ" ಎಂದ. ಅವನು ಕೆಟ್ಟವನಲ್ಲ. ಬೆಂಚುಗಳು ಖಾಲಿ ಇದ್ದರೆ ಅವನಿಗೂ ಸಂಕಟ.

ಎಷ್ಟೋ ವಿಲನ್‌ಗಳನ್ನು ನಾನು ಕಣ್ಣು ಒದ್ದೆ ಮಾಡಿಕೊಳ್ಳದೆ ಕಳಿಸಿದ್ದೇನೆ. ಬಂದವರು ಹೋಗಲೇಬೇಕು, ಟಾಕೀಸಿನ ಹಿತ್ತಿಲಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅವತ್ತು ಒಳಗೆ ಬಂದು ನೋಡಿದರೆ ಇವನು ಅವ್ವನ ಕಾಲ ಬಳಿ ಕೂತು, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಪಾಲಾಕ್ಷಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅಲುಗಾಡದೆ ಇದ್ದ. "ಅಕ್ಕಾ, ನಾನು ಒಳಗೆ ಹೋದ ಮೇಲೆ ಎಲ್ಲಿರ್ತೀನಿ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಅಂದೆ. ನಿಜವಾಗಿ ಯಾರಿಗೂ ಗೊತ್ತಿಲ್ಲ. ಇವನು ಹೋಗಬಾರದು ಎಂದು ನನಗೆ ಅನ್ನಿಸಿತು, ಜೀವ ಹಿಂಡುವಷ್ಟು ಅನ್ನಿಸಿತು.

ಸರಿ, ಹೆದರಿಸುವುದನ್ನು ಕಲಿಸೋಣ ಅಂತ ಹೊರಟೆ. ಹುಬ್ಬು ಗಂಟು ಹಾಕು ಅಂದೆ, ತಲೆನೋವು ಬಂದವನ ಹಾಗೆ ಕಂಡ. ಮಕ್ಕಳ ಎದುರಿಗೆ ಹೋಗಿ ಗುರ್ ಅನ್ನು ಅಂದೆ, ಅವು ಇನ್ನೊಂದು ಸಲ ಮಾಡು ಅಂದವು. ಅವ್ವ ಇದನ್ನೆಲ್ಲ ಕೇಳಿ ಕೇಳಿ ರೋಸಿಹೋಗಿ, "ಸರ್ವಾ, ಸಾಕು ನಿನ್ನ ಕೋತಿ ಕುಣಿಸೋದು. ಮಗಾ, ಇಲ್ಲಿ ಬಾ. ಸಿನಿಮಾದಲ್ಲಿ ನಿನಗೇನು ಬೇಕು?" ಎಂದಳು.

"ಲೋಕ ಬೇಕು."

"ಲೋಕ ತಗೊಂಡು ಎಲ್ಲಿಡ್ತೀಯ?"

ಅವನು ಜಾಗ ಹುಡುಕುವವನ ಹಾಗೆ ನಡುಮನೆಯ ಸುತ್ತ ಕಣ್ಣಾಡಿಸಿದ.

"ಅದಕ್ಕೇ ಜನ ನಗೋದು. ಲೋಕ ಬೇಕು ಅನ್ನೋನಿಗೆ ಏನೂ ಬೇಡ ಅಂತಲೇ ಅರ್ಥ. ಊಟ ಆಯ್ತಾ ಅಂತಿದ್ದನಲ್ಲ, ಆ ಕನ್ನಡಕದೋನು, ಅವನಿಗೆ ಎದುರಿಗಿದ್ದೋನ ಪ್ರಾಣ ಒಂದೇ ಬೇಕಾಗಿತ್ತು. ಅದು ಗೊತ್ತಾಗ್ತಿತ್ತು, ಅದಕ್ಕೇ ಮೈ ನಡುಗ್ತಿತ್ತು. ನಿಜ ಹೇಳು, ನಿನಗೇನು ಬೇಕು?"

ಅವನು ಮಂಡಿಯ ಮೇಲಿನ ತನ್ನ ಕೈ ನೋಡಿಕೊಂಡ. "ಇಲ್ಲಿಗೆ ಬರಬೇಕು. ದಿನಾ" ಎಂದ.

"ಹಾಗಾದ್ರೆ ಅದನ್ನೇ ಹೇಳು, ಹೋಗು. ಕೂಗಬೇಡ."

ಗುರುವಾರದ ಮೊದಲ ಆಟಕ್ಕೆ ನಾನೂ ಹೋಗಿ ಕೂತೆ. ಕೊನೆಯ ವಾರವಲ್ಲವಾ ಅಂತ ಬೀದಿಯವರೆಲ್ಲ ಬಂದಿದ್ದರು, ಭಸ್ಮಣ್ಣನನ್ನು ಬೀಳ್ಕೊಡಲು. ಬೆಂಕಿಬೆಟ್ಟದ ದೃಶ್ಯ ಬಂತು. ಗಗನವೀರ ಹಲ್ಲು ಹೊಳೆಸುತ್ತ ಇವನ ಕೊರಳಪಟ್ಟಿ ಹಿಡಿದ. ಇವನು ನಗಬೇಕಾದ ಜಾಗದಲ್ಲಿ ನಗಲಿಲ್ಲ. ಗಗನವೀರನನ್ನು ನೋಡಲೂ ಇಲ್ಲ. ಪರದೆಯಿಂದ ನಮ್ಮ ಕಡೆಗೆ ತಿರುಗಿ ಒಬ್ಬೊಬ್ಬರನ್ನೇ ನೋಡಿದ. ನಿಂಗಾಜಮ್ಮನನ್ನು, ಇಸ್ತ್ರಿಯವನನ್ನು, ಹಾಲಿನವಳನ್ನು, ಬಾಲ್ಕನಿಯಲ್ಲಿ ನಿಂತಿದ್ದ ಪಾಲಾಕ್ಷಪ್ಪನನ್ನು. ಎಲ್ಲರ ಮನೆ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತಲ್ಲ. ಆಮೇಲೆ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಹೇಳುವ ಹಾಗೆಯೇ, ಅದೇ ದನಿಯಲ್ಲಿ, "ಬರ್ತೀನಿ" ಎಂದು ಹೇಳಿ ಬಿದ್ದ.

ಟಾಕೀಸಿನಲ್ಲಿ ಒಂದು ಕೆಮ್ಮು ಕೂಡ ಇರಲಿಲ್ಲ. ಗಗನವೀರನೂ ಹಲ್ಲು ಮುಚ್ಚಿಕೊಂಡ. ದೀಪ ಬಂದ ಮೇಲೂ ಜನ ಏಳಲಿಲ್ಲ. ಎದ್ದವರು ಒಬ್ಬರನ್ನೊಬ್ಬರು ಅಂಟಿಕೊಂಡು ಮನೆಗೆ ಹೋದರು. ಬೀದಿಯುದ್ದಕ್ಕೂ ಅಗಳಿ ಹಾಕುವ ಸದ್ದು ಕೇಳಿಸಿತು. ನನಗೆ ಮಾತ್ರ ಆ ಮಾತು ಎಲ್ಲಿಂದ ಬಂತು ಅಂತ ಗೊತ್ತಿತ್ತು, ಆದರೂ ಮನೆ ಸೇರುವ ತನಕ ಓಟದ ಹೆಜ್ಜೆ ಹಾಕಿದ್ದು ಸುಳ್ಳಲ್ಲ.

ಶುಕ್ರವಾರ ಪೋಸ್ಟರು ಬದಲಾಗಲಿಲ್ಲ. ಆಸುಪಾಸಿನ ಊರುಗಳಿಂದೆಲ್ಲ ಜನ ಗಾಡಿ ಕಟ್ಟಿಕೊಂಡು ಬಂದರು. ಪಾಲಾಕ್ಷಪ್ಪ ಹೊರಗೆ 'ಹೌಸ್‌ಫುಲ್' ಹಲಗೆ ತೂಗುಹಾಕಿ ಅದರ ಧೂಳು ತಾನೇ ಒರೆಸಿದ. ಇಡೀ ಊರಿನಲ್ಲಿ ಬರ್ತೀನಿ ಅನ್ನುವ ಮಾತೇ ನಿಂತುಹೋಯಿತು. ನೆಂಟರ ಮನೆಯಿಂದ ಹೊರಡುವವರು ಹೊಸ್ತಿಲಲ್ಲಿ ತಡವರಿಸಿ, "ಸರಿ ಹಾಗಾದ್ರೆ... ಹೊರಟೆ" ಅನ್ನುತ್ತಿದ್ದರು. ಯಾರಾದರೂ ಬಾಯಿತಪ್ಪಿ ಅಂದರೆ ಮನೆಯವರು ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದರು.

ಅವನು ಉಳಿದ. ಅದೇ ತಾನೇ ನಮಗೆ ಬೇಕಾಗಿದ್ದದ್ದು? ಆದರೆ ಮಕ್ಕಳು ಕಡಲೆಕಾಯಿ ತರುವುದು ನಿಂತಿತು. ಇವನು ಬೀದಿಗೆ ಇಳಿದರೆ ತಾಯಂದಿರು ಮಕ್ಕಳನ್ನು ರೆಟ್ಟೆ ಹಿಡಿದು ಒಳಗೆಳೆದುಕೊಳ್ಳುತ್ತಿದ್ದರು. ಮೋಡದ ದಿನ ಇವನೇ ನಿಂಗಾಜಮ್ಮನ ಬಾಗಿಲಿಗೆ ಹೋಗಿ, "ಹಪ್ಪಳ ಇದೆಯೇನಮ್ಮಾ?" ಎಂದ. ಅವಳು ಒಳಗಿನಿಂದಲೇ "ಇಲ್ಲ, ಇಲ್ಲ" ಅಂದಳು. ಹಪ್ಪಳದ ಹಿಟ್ಟಿನ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಹಿಂದಿರುಗಿ ಬಂದವನು ಬಚ್ಚಲೊಲೆಯ ಮುಂದೆ ಕೂತು, "ಅಕ್ಕಾ, ಭಸ್ಮಣ್ಣ ಅಂತ ಈಗ ಯಾರೂ ಅನ್ನಲ್ಲ ಅಲ್ವಾ?" ಎಂದ.

"ಅಂದ್ರೆ ನೀನು ಇರೋ ಹಾಗಿಲ್ವಲ್ಲಪ್ಪಾ."

"ಹೌದು" ಎಂದು ಒಂದು ಕೊಳ್ಳಿ ಮುಂದಕ್ಕೆ ತಳ್ಳಿದ. ಅವನ ಬೆಂಕಿಗೆ ಕೊಳ್ಳಿಯ ಅಗತ್ಯವೇನೂ ಇರಲಿಲ್ಲ, ಕೈಗೊಂದು ಕೆಲಸ ಬೇಕಾಗಿತ್ತು, ಅಷ್ಟೇ. ನಾನೊಬ್ಬಳೇ ಇದ್ದಾಗ ಭಸ್ಮಣ್ಣ ಎಂದು ಕರೆಯೋಣವೆಂದು ಎಷ್ಟೋ ಸಲ ಬಾಯಿಗೆ ಬಂತು, ನುಂಗಿಕೊಂಡೆ. ಗೋಡೆಗೂ ಕಿವಿ ಇರುತ್ತದೆ, ಅದರಲ್ಲೂ ನಮ್ಮ ಮನೆಯ ಗೋಡೆಗೆ.

ಚಳಿ ಇನ್ನೂ ಏರಿತು. ನಿಂಗಾಜಮ್ಮನ ಮಗಳು ಜಯಶೀಲ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ನೋವು ಬಂತು. ಬೆಳಗಿನ ಜಾವಕ್ಕೆ ಹೆಣ್ಣು ಮಗು ಹುಟ್ಟಿತು, ಅಂಗೈಯಗಲ, ಅಳುವುದಕ್ಕೂ ತ್ರಾಣವಿಲ್ಲ. ನರ್ಸಮ್ಮ ನೋಡಿ, "ಈ ಚಳಿಯಲ್ಲಿ ಬಸ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಒಯ್ಯೋ ಹಾಗಿಲ್ಲ. ಬೆಚ್ಚಗಿಡಿ. ಒಂದು ಗಳಿಗೆಯೂ ತಣ್ಣಗಾಗಬಾರದು" ಎಂದಳು. ಬಿಸಿನೀರಿನ ಬಾಟಲಿ ಇಟ್ಟರು, ಅದು ಆರಿಹೋಗುತ್ತಿತ್ತು. ಬಾಣಂತಿಗೆ ಚಳಿಜ್ವರ, ಮೈ ನಡುಗುತ್ತಿತ್ತು. ಕೆಂಡದ ಬಾಣಲೆ ಇಟ್ಟರು, ಹೊಗೆಗೆ ಮಗುವಿಗೆ ಉಸಿರು ಕಟ್ಟಿತು. ಮಗುವಿನ ಉಗುರು ನೀಲಿಯಾಗತೊಡಗಿದವು.

ಮ್ಯಾಟಿನಿಯ ಹೊತ್ತಿಗೆ ನಿಂಗಾಜಮ್ಮ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಇವನು ಆಗ ಕೋಟಿಗೆ ಗುಂಡಿ ಹಾಕಿಕೊಳ್ಳುತ್ತಿದ್ದ. ಅವಳು ಇವನ ಕೈಯನ್ನೇ ನೋಡುತ್ತಿದ್ದಳು. ಅಷ್ಟು ದಿನ ಬಾಗಿಲು ಹಾಕಿಕೊಂಡವಳು ಏನೆಂದು ಕೇಳಿಯಾಳು? ಗೋಡೆಯಾಚೆ ಬೆಲ್ಲು ಹೊಡೆಯಿತು. ಹೊರಗೆ ಊರೂರಿನಿಂದ ಬಂದ ಜನ ಸಾಲು ನಿಂತಿದ್ದರು. ಇವನು ಈಗ ಒಳಗೆ ಹೋಗದಿದ್ದರೆ ಏನಾಗುತ್ತದೆ ಅಂತ ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು, ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಕೋಟನ್ನು ಗೂಟಕ್ಕೆ ನೇತುಹಾಕಿದ. "ಅವ್ವಾ, ಬರ್ತೀನಿ" ಎಂದ. "ಹೂಂ, ಓಡು" ಎಂದಳು ಅವ್ವ.

ಅವನು ಮಗುವನ್ನು ಎದೆಗೊರಗಿಸಿಕೊಂಡು, ಬೆನ್ನಿಗೆ ಅಂಗೈ ಇಟ್ಟು, ನಿಂಗಾಜಮ್ಮನ ಕತ್ತಲೆ ಕೋಣೆಯ ಮೂಲೆಯಲ್ಲಿ ಕೂತ. ಅವ್ವನ ಮಂಡಿಗಿಂತ ಕಮ್ಮಿ, ಹಾಲಿಗಿಂತ ಕಮ್ಮಿ, ಅವನಿಗೆ ಗೊತ್ತಿದ್ದ ಎಲ್ಲ ಬಿಸಿಗಿಂತ ಕಮ್ಮಿ ಒಂದು ಬಿಸಿಯನ್ನು ಹುಡುಕಿಕೊಂಡಿದ್ದ. ಬೆವರು ಸುರಿಯುತ್ತಿತ್ತು. ಲೋಕ ಸುಡುವುದು ಸುಲಭವಿತ್ತೇನೋ. ಹೊತ್ತು ಇಳಿಯುವಷ್ಟರಲ್ಲಿ ಮಗುವಿನ ಉಗುರಿಗೆ ಬಣ್ಣ ಬಂತು. ಆಮೇಲೆ ಅದು ಅತ್ತಿತು. ಬೆಕ್ಕಿನ ಮರಿಯಷ್ಟು ದನಿ, ಆದರೆ ಅಷ್ಟಕ್ಕೇ ಜಯಶೀಲ ಬಿಕ್ಕಿಬಿಕ್ಕಿ ಅತ್ತಳು, ನಾನೂ ಅತ್ತೆ.

ಅತ್ತ ಟಾಕೀಸಿನಲ್ಲಿ ನಡೆದದ್ದನ್ನು ಅವ್ವ ಗೋಡೆಗೆ ಕಿವಿಯಿಟ್ಟು ಕೇಳಿದಳು. ಗಗನವೀರ ಹಾರಿ ಬಂದು, "ಎಲ್ಲಿದ್ದೀಯಾ ಭಸ್ಮೇಂದ್ರ? ಧೈರ್ಯವಿದ್ದರೆ ಎದುರಿಗೆ ಬಾ!" ಎಂದ. ಯಾರೂ ಬರಲಿಲ್ಲ. ಇನ್ನೊಂದು ಸಲ ಕೂಗಿದ. ಗಾಳಿಗೆ ಗುದ್ದಿದ. ಎದುರಿಗೆ ಯಾರೂ ಇಲ್ಲದೆ ರೈಲು ನಿಲ್ಲಿಸಿದರೆ ಅದು ಬರೀ ಸ್ಟೇಷನ್ ಮಾಸ್ತರನ ಕೆಲಸವಾಯಿತು. ಜನ ಮೊದಲು ಕಾದರು, ಆಮೇಲೆ ನಕ್ಕರು, ಆಮೇಲೆ ಬೈದು ಎದ್ದುಹೋದರು. ಕೊನೆಗೆ ಗಗನವೀರ ಬೆಂಕಿಬೆಟ್ಟದ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಗಲ್ಲಕ್ಕೆ ಕೈಕೊಟ್ಟುಕೊಂಡನಂತೆ. "ಪಾಪ, ಅವನಿಗೂ ಯಾರೂ ಇಲ್ಲ" ಎಂದಳು ಅವ್ವ.

ಪಾಲಾಕ್ಷಪ್ಪ ಕೆಂಡಾಮಂಡಲವಾಗಿ ನಿಂಗಾಜಮ್ಮನ ಮನೆಗೆ ನುಗ್ಗಿದ. "ಎಲ್ಲಯ್ಯಾ ಅವನು! ಬೆಂಕಿಬೆಟ್ಟಕ್ಕಾದರೂ ಬಂದು ಹೋಗು ಮಾರಾಯಾ, ಒಂದೇ ಒಂದು ಮಾತು ಹೇಳಿ ಬಂದುಬಿಡು!" ಅಂದುಕೊಂಡೇ ಒಳಗೆ ಬಂದವನು ಕೋಣೆಯ ಬಾಗಿಲಲ್ಲಿ ನಿಂತ. ಭಸ್ಮೇಂದ್ರ ಮೆಲ್ಲಗೆ, "ಕೈ ತೆಗೆದರೆ ತಣ್ಣಗಾಗುತ್ತೆ ಅಣ್ಣಾ" ಎಂದ. ಪಾಲಾಕ್ಷಪ್ಪ ಮೆಟ್ಟು ಕಳಚಿ ಒಳಗೆ ಬಂದು, ಮಗುವಿನ ಮುಖ ನೋಡಿ, ತನ್ನ ಕೊರಳಿನ ಮಫ್ಲರ್ ಬಿಚ್ಚಿ ಅದರ ಕಾಲಿಗೆ ಹೊದಿಸಿದ. ಹೊರಗೆ ಬಂದು ನನಗೆ, "ಅಕ್ಕಾ, ಇನ್ನು ಆಟ ಇಲ್ಲ, ಶುಕ್ರವಾರ ಬೇರೆ ಪಿಕ್ಚರು" ಎಂದು ಹೇಳಿ, ಬರಿಗೊರಳಲ್ಲೇ ಚಳಿಗೆ ಹೊರಟ.

ಶುಕ್ರವಾರದವರೆಗೆ ಭಸ್ಮೇಂದ್ರ ಆ ಮಗುವನ್ನು ಕೆಳಗಿಡಲಿಲ್ಲ. ಹಾಲು ಕುಡಿಯುವಾಗ ಮಾತ್ರ ತಾಯಿಯ ಮಡಿಲಿಗೆ, ಆಗಲೂ ಬೆನ್ನ ಮೇಲೆ ಇವನ ಅಂಗೈ. ಬೀದಿಯ ಹೆಂಗಸರು ಸರದಿಯಲ್ಲಿ ಬಂದು ಇವನಿಗೆ ತುತ್ತು ಮಾಡಿ ತಿನ್ನಿಸಿದರು. "ಭಸ್ಮಣ್ಣ, ಇನ್ನೊಂದು ತುತ್ತು. ಭಸ್ಮಣ್ಣ, ಸ್ವಲ್ಪ ಗೋಡೆಗೆ ಒರಗಿಕೋ." ಊರಿಗೆ ಊರೇ ಅಣ್ಣ ಅನ್ನತೊಡಗಿತು. ಒಂದೊಂದು ಸಲ ಅಂದಾಗಲೂ ನಾನು ಶುಕ್ರವಾರಕ್ಕೆ ಉಳಿದ ದಿನ ಎಣಿಸುತ್ತಿದ್ದೆ, ಅವನ ಮುಖ ಮಾತ್ರ ಅರಳುತ್ತಿತ್ತು. ಗುರುವಾರ ನರ್ಸಮ್ಮ ಮಗುವಿನ ಅಂಗಾಲು ಮುಟ್ಟಿ ನೋಡಿ, ಇನ್ನು ಇವಳು ತನ್ನ ಬಿಸಿ ತಾನೇ ಕಾಯ್ದುಕೊಳ್ಳುತ್ತಾಳೆ ಎಂದಳು.

ಶುಕ್ರವಾರ ಬೆಳಿಗ್ಗೆ ಅಂಟಿನ ಬಕೆಟ್ಟಿನವನು ಏಣಿ ಹೊತ್ತು ಬಂದ. ನಾನು ಇವನಿಗೆ ಎಣ್ಣೆನೀರು ಹಾಕಿ, ಸುಟ್ಟ ಕೋಟಿನ ಅಂಚಿಗೆ ಹೊಲಿಗೆ ಹಾಕಿ ಕೊಟ್ಟಿದ್ದೆ. ಕೊನೆಯ ಸಲ ಅವ್ವನ ಎರಡೂ ಮಂಡಿಗೆ ಕೈಯಿಟ್ಟು ಎದ್ದ. ವಿಲನ್‌ಗಳು ಹೋಗುವಾಗ ನಮ್ಮೂರಲ್ಲಿ ಯಾರೂ ಹೊರಗೆ ನಿಲ್ಲುವುದಿಲ್ಲ, ಕೆಟ್ಟದ್ದು ಹಿಂದೆ ತಿರುಗಿ ನೋಡಬಾರದು ಅಂತ. ಅವತ್ತು ಹಿತ್ತಿಲ ಬಾಗಿಲು ತೆಗೆದರೆ ಓಣಿಯ ತುಂಬ ಜನ. ಇಸ್ತ್ರಿಯವನು, ಹಾಲಿನವಳು, ಕಡಲೆಕಾಯಿಯ ಮಕ್ಕಳು. ನಿಂಗಾಜಮ್ಮನ ಕೈಯಲ್ಲಿ ಹಪ್ಪಳದ ಕಟ್ಟು, ಜಯಶೀಲಳ ಹೆಗಲಲ್ಲಿ ಮಗು. ಪಾಲಾಕ್ಷಪ್ಪ ಟಾಕೀಸಿನ ಹಿಂಬಾಗಿಲು ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದ.

ಭಸ್ಮೇಂದ್ರ ಎಲ್ಲರನ್ನೂ ನೋಡಿದ. ಅವತ್ತು ಪರದೆಯ ಮೇಲಿನಿಂದ ನೋಡಿದನಲ್ಲ, ಹಾಗೆಯೇ ಒಬ್ಬೊಬ್ಬರನ್ನೇ. ಆ ಮಾತಿನಿಂದ ಇವರೆಲ್ಲ ಎಷ್ಟು ಹೆದರಿದ್ದರೆಂದು ಅವನಿಗೆ ನೆನಪಿತ್ತು ಅಂತ ಕಾಣುತ್ತದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ತಲೆ ತಗ್ಗಿಸಿ, "ಹೋಗ್ತೀನಿ" ಎಂದ.

ನಡುಮನೆಯಿಂದ ಅವ್ವನ ಕೂಗು ಬಂತು. "ಬಿಡ್ತು ಅನ್ನು!"

ನಿಂಗಾಜಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಬರ್ತೀನಿ ಅನ್ನು ಭಸ್ಮಣ್ಣಾ" ಎಂದಳು. ಇಸ್ತ್ರಿಯವನು ಅಂದ, ಹಾಲಿನವಳು ಅಂದಳು, ಮಕ್ಕಳು ಕೂಗಿದವು: "ಅನ್ನು ಭಸ್ಮಣ್ಣಾ, ಬರ್ತೀನಿ ಅನ್ನು!" ಪಾಲಾಕ್ಷಪ್ಪ ಕೂಡ ನೆಲ ನೋಡಿಕೊಂಡೇ, "ಅಂದುಬಿಡು ಮಾರಾಯಾ" ಎಂದ. ಅವನು ಮಗುವಿನ ಬೆನ್ನಿಗೆ ಒಂದು ಸಲ ಅಂಗೈ ಮುಟ್ಟಿಸಿ, ಎಲ್ಲರ ಕಡೆ ತಿರುಗಿ, "ಬರ್ತೀನಿ" ಎಂದ. "ಹೂಂ, ಬಾ" ಎಂದಿತು ಇಡೀ ಓಣಿ. ಅದನ್ನು ಕೇಳಿಸಿಕೊಂಡು ಹೊಸ್ತಿಲು ದಾಟಿದ, ಆ ಬಾಗಿಲಿಗೂ ತಲೆ ಹೊಡೆಸಿಕೊಂಡು.

ಆಮೇಲೆ ಎಷ್ಟೋ ಸಿನಿಮಾ ಬಂದವು. ಎಷ್ಟೋ ವಿಲನ್‌ಗಳು ಬಂದು ಉಂಡು ಹೋದರು, ಕೆಲವರು ನಿಜಕ್ಕೂ ಹೆದರಿಸಿದರು. ಆ ಮಗು ಈಗ ಓಣಿಯಲ್ಲಿ ಓಡಾಡುತ್ತದೆ, ಮಾಗಿಯಲ್ಲೂ ಸ್ವೆಟರ್ ಹಾಕಿಸಿಕೊಳ್ಳುವುದಿಲ್ಲ, ಅದರ ಬೆನ್ನು ಮುಟ್ಟಿದರೆ ಬೆಚ್ಚಗಿರುತ್ತದೆ. ಅವತ್ತು ಇವನೊಂದು ಮಾತು ಅಂದದ್ದಕ್ಕೆ ಅಗಳಿ ಹಾಕಿಕೊಂಡ ಬೀದಿಯೇ ಇದು. ಈಗ ನಮ್ಮ ಓಣಿಯಲ್ಲಿ, ಕೊನೆಯ ಆಟ ಬಿಟ್ಟು ಟಾಕೀಸಿನ ದೀಪ ಆರುವ ತನಕ, ಹಿತ್ತಿಲ ಬಾಗಿಲಿಗೆ ಯಾರೂ ಅಗಳಿ ಹಾಕುವುದಿಲ್ಲ. ಹೊಸದಾಗಿ ಬಂದ ಸೊಸೆಯೊಬ್ಬಳು ಕಳ್ಳರ ಭಯ ಅಂತ ಹಾಕಲು ಹೋದಳಂತೆ. ನಿಂಗಾಜಮ್ಮ ಅವಳ ಕೈ ಹಿಡಿದು, "ತೆಗೆದಿರಲಿ ಬಿಡವ್ವಾ. ಬರ್ತೀನಿ ಅಂದಿದಾನೆ" ಎಂದಳಂತೆ.